ಕ್ಲಿವೋನ್ ರಾತ್ರಿಯ ಪಾಳಿ

ಐದು ದಿನಕ್ಕೊಮ್ಮೆ ಸಂತೆ, ಐದು ದಿನಕ್ಕೊಮ್ಮೆ ನನ್ನ ಪಾಳಿ.
ಲೆಗಿ, ಪಾಹಿಂಗ್, ಪೋನ್, ವಾಗೆ ಬೇರೆಯವರವು.
ಕ್ಲಿವೋನ್ ನನ್ನದು, ಪಾರ್ಜೋನೊನದು,
ಮತ್ತೆ ಸರಿಯಾಗಿ ಅವತ್ತೇ ಹೊಟ್ಟೆನೋವು ಬರಿಸಿಕೊಳ್ಳುವ
ಸುಗಿರಾನನದು.
ದೆವ್ವಗಳಿಗೂ ಇದೇ ರಾತ್ರಿ ಇಷ್ಟವಂತೆ. ಇರಲಿ,
ಅವು ಮೇಕೆ ಕದಿಯುವುದಿಲ್ಲ.

ಕಾಯುವುದಕ್ಕೆ ಇಲ್ಲೇನಿದೆ ಅಂತೀರಾ?
ನಲವತ್ತೊಂದು ಮನೆ.
ಕಂತು ತೀರದ ಮೋಟಾರ್‌ಸೈಕಲ್ಲು ಹದಿನಾರು.
ಮೇಕೆಗಳು, ಬೆಳಗಿಗೊಂದು ಲೆಕ್ಕ, ಸಂಜೆಗೊಂದು.
ಲಾಸ್ಮಿಯ ಹೊಲಿಗೆ ಯಂತ್ರ.
ಬಿಸ್ಕತ್ತಿನ ಡಬ್ಬದಲ್ಲಿ ಮಡಚಿಟ್ಟ ಗದ್ದೆಯ ಕಾಗದ,
ಅದರ ಮೇಲೆ ತೀರಿಹೋದವರ ಹೆಬ್ಬೆಟ್ಟು.
ದಾರ್ಸಿಮಾನನ ಹಾಡುವ ಹಕ್ಕಿ, ಎರಡು ಮೇಕೆಯ ಬೆಲೆಯದು,
ಅದನ್ನು ಒಳಗೆ ಮಲಗಿಸಿ
ತಾನು ಜಗಲಿಯಲ್ಲಿ ಸೊಳ್ಳೆಗೆ ಮೈಯೊಡ್ಡುತ್ತಾನೆ.

ಪ್ರತಿ ಗೋಡೆಗೂ ಮೊಳೆ, ಮೊಳೆಗೊಂದು ಹಾಲಿನ ಡಬ್ಬಿ,
ಡಬ್ಬಿಯಲ್ಲಿ ಚಿಟಿಕೆ ಅಕ್ಕಿ.
ದೀಪವಾರಿಸುವ ಮುಂಚೆ ಹೆಂಗಸರು ಹಾಕುತ್ತಾರೆ,
ನಾವು ಚೀಲಕ್ಕೆ ಸುರಿದು ಪುಸ್ತಕದಲ್ಲಿ ಗೀಟು ಹಾಕುತ್ತೇವೆ.
ಹನಿಗೂಡಿ ಹಳ್ಳವೋ ಏನೋ,
ತಿಂಗಳ ಕೊನೆಗೆ ಬೀದಿಯ ಬಲ್ಬು, ಕಾಲುಸಂಕದ ಬಿದಿರು,
ಯಾರಾದರೂ ಹೋದರೆ ಬಿಳಿಬಟ್ಟೆ.
ಅಕ್ಕಿ ಡಬ್ಬಿಯಲ್ಲೇ ಉಳಿದರೆ
ಬೆಳಗಾಗುವುದರೊಳಗೆ ಊರಿಗೆಲ್ಲ ಗೊತ್ತು:
ಕಾವಲುಗಾರ ಗೊರಕೆ ಹೊಡೆದ.

ಕಟ್ಟೆಯ ಸೂರಿಗೆ ಕೆಂತೋಂಗನ್ ತೂಗುತ್ತದೆ,
ಹೊಟ್ಟೆ ಕೊರೆದ ಹಲಸಿನ ಬೊಡ್ಡೆ, ಉದ್ದಕ್ಕೂ ಸೀಳಿದ ಬಾಯಿ.
ಒಂದೊಂದೇ ಪೆಟ್ಟು ಸಾವು. ಎರಡೆರಡು ಕಳ್ಳ.
ಮೂರು ಮೂರು ಬೆಂಕಿ.
ಒಂದು, ಆಮೇಲೆ ಏಳು, ಮತ್ತೆ ಒಂದು: ಎಲ್ಲ ಕ್ಷೇಮ.

ಹೋದ ಬೇಸಿಗೆ ಎರಡೆರಡು ಹೊಡೆದವನು ನಾನು.

ನಲವತ್ತೊಂದು ಬಾಗಿಲು ಒಟ್ಟಿಗೆ ತೆರೆದವು.
ಹೊಳೆಯಾಚೆಯವನು. ಕೈಯಲ್ಲಿ ಹಗ್ಗ,
ಹಗ್ಗದ ತುದಿಗೆ, ತನ್ನದೇ ಒಡೆಯನೆಂಬಂತೆ ನಿಂತ ಮೇಕೆ.
ಗುದ್ದಲಿ ಬಂತು, ಒನಕೆ ಬಂತು,
ಸೌಮ್ಯರು ಬಂದರು, ಶಾಲೆಯ ಮಾಸ್ತರರು ಬಂದರು.
ಸಾಕು ನಿಲ್ಲಿಸಿ, ಅನ್ನುವುದಕ್ಕೆ
ಕೆಂತೋಂಗನ್‌ನಲ್ಲಿ ಪೆಟ್ಟಿಲ್ಲ.
ಕಿರುಚಿದೆ. ಕಿರುಚಿದೆನೇ? ಕಿರುಚಿದೆ ಅಂತ
ಪೊಲೀಸರ ಮುಂದೆ ಹೇಳಿದೆ.
ಅವನ ಒಂದು ಚಪ್ಪಲಿ ಕಾಲುವೆಯ ಬದುವಿನಲ್ಲಿ
ಮಳೆ ಹಿಡಿಯುವ ತನಕ ಬಿದ್ದಿತ್ತು.
ಯಾರೂ ಕದಿಯಲಿಲ್ಲ.

ಈಗ ಎಂಬಾ ಕಾಸಿನೆಮ್‌ಳ ಡಬ್ಬಿ. ಹೋದ ಕ್ಲಿವೋನ್, ಖಾಲಿ.
ಅದರ ಹಿಂದಿನದೂ ಖಾಲಿ.
ಮರೆತಿರಬೇಕು ಅಂದುಕೊಳ್ಳೋಣವೆಂದರೆ
ಡಬ್ಬಿ ತೊಳೆದು ಬೋರಲು ಹಾಕಿದೆ. ಮರೆತವರು ತೊಳೆಯುವುದಿಲ್ಲ.
ಒಲೆಯ ಕಡೆ ಹೊಗೆಯ ವಾಸನೆಯೂ ಇಲ್ಲ.
ಪುಸ್ತಕದಲ್ಲಿ ಮೂರು ಸೊನ್ನೆಯಾದರೆ
ಊರ ಹಿರಿಯರು ಕೇಳುತ್ತಾರೆ; ಕೇಳಿದರೆ ಆ ಮುದುಕಿ
ನಗುತ್ತಾ ಸುಳ್ಳು ಹೇಳಬೇಕಾಗುತ್ತದೆ.

ಚೀಲಕ್ಕೆ ಕೈ ಹಾಕಿದೆ. ನಲವತ್ತು ಮನೆಯ ಅಕ್ಕಿ, ಬೆಚ್ಚಗಿತ್ತು.
ಒಂದು ಬೊಗಸೆ ಅವಳ ಡಬ್ಬಿಗೆ. ಇನ್ನೊಂದು.
ಅದರಿಂದ ಚಿಟಿಕೆಯಷ್ಟನ್ನು ತಿರುಗಿ ಚೀಲಕ್ಕೆ.
ಪುಸ್ತಕದಲ್ಲಿ ಗೀಟು.
ಪಾರ್ಜೋನೊ ಟಾರ್ಚನ್ನು ಬಾಳೆಯ ಕಡೆ ತಿರುಗಿಸಿ
‘ಮೋಡ ಕಟ್ತಿದೆ’ ಅಂದ.
ಆಕಾಶದ ತುಂಬ ಚುಕ್ಕಿ.
ಲೆಕ್ಕದ ಪ್ರಕಾರ ಇದೂ ಕಳವು. ಎರಡೆರಡು ಪೆಟ್ಟು.

ಇವತ್ತು ಮತ್ತೆ ಕ್ಲಿವೋನ್.
ಡಬ್ಬಿಯ ತಳದಲ್ಲಿ ಬಾಳೆಯ ಎಲೆ ಸುತ್ತಿದ ಒಂದು ಮೊಟ್ಟೆ.
ಅವಳಿಗೆ ಇರುವುದೇ ಒಂದು ಕೋಳಿ.
ಪುಸ್ತಕದಲ್ಲಿ ಮೊಟ್ಟೆಗೆ ಅಂಕಣವಿಲ್ಲ.
ಪಾರ್ಜೋನೊ ತಲೆ ಕೆರೆದುಕೊಂಡ. ನಾನೂ.
ಕೊನೆಗೆ ಅಂಗಿಯ ಜೇಬಿನಲ್ಲಿಟ್ಟುಕೊಂಡು
ಕಟ್ಟೆಗೆ ಬಂದು ಕೋಲೆತ್ತಿದೆ:
ಒಂದು, ಆಮೇಲೆ ಏಳು, ಮತ್ತೆ ಒಂದು,
ಎದೆಗೆ ತಾಗಿಸಿಕೊಂಡ ಮೊಟ್ಟೆ ಒಡೆಯದ ಹಾಗೆ.

ಬೆಳಿಗ್ಗೆ ಲಾಸ್ಮಿ ಕೇಳಿದಳು,
‘ರಾತ್ರಿ ಯಾಕೆ ಅಷ್ಟು ಮೆಲ್ಲಗೆ ಬಡಿದೆ?
ನಾವು ಕ್ಷೇಮವೋ ಅಲ್ಲವೋ
ಸರಿಯಾಗಿ ಕೇಳಿಸಲೇ ಇಲ್ಲ.’